ಕಾಶ್ಮೀರ ಸೈಪ್ರಸ್

ಕಾಶ್ಮೀರ ಸೈಪ್ರಸ್ ಕುಪ್ರೆಸೇಸೀ ಕುಟುಂಬಕ್ಕೆ ಸೇರಿದ, ಜೋಲುರೆಂಬೆಗಳುಳ್ಳ ಒಂದು ನಿತ್ಯಹರಿದ್ವರ್ಣದ ಶಂಕುಧಾರಿ ಮರ. ಇದರ ಸಸ್ಯವೈಜ್ಞಾನಿಕ ಹೆಸರು ಕುಪ್ರೆಸಸ್ ಕಾಶ್ಮೀರಿಯಾನಾ. ಪೂರ್ವ ಹಿಮಾಲಯದ ಭೂತಾನ್ ಮತ್ತು ಅದಕ್ಕೆ ಹೊಂದಿಕೊಂಡಿರುವ ಅರುಣಾಚಲ ಪ್ರದೇಶದ ಭಾಗಗಳು ಇದರ ಮೂಲನೆಲೆ. ನೀಲಿಛಾಯೆಯ ಹಸಿರು ರೆಂಬೆಗಳು ಪರದೆಯಂತೆ ಕೆಳಗೆ ಇಳಿಬೀಳುವುದರಿಂದ, ಸೌಮ್ಯ ಚಳಿಗಾಲದ ಪ್ರದೇಶಗಳ ಉದ್ಯಾನಗಳಲ್ಲಿ ಇದನ್ನು ಒಂಟಿ ಮರವಾಗಿ, ನೋಟದ ಕೇಂದ್ರಬಿಂದುವಾಗಿ ಬೆಳೆಸುತ್ತಾರೆ. ಬ್ರಿಟನ್ನಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿಯು ಉದ್ಯಾನ ಸಸ್ಯಗಳಿಗೆ ಕೊಡುವ ಅರ್ಹತಾ ಪ್ರಶಸ್ತಿ ಈ ಮರಕ್ಕೆ ಸಂದಿದೆ.

ಹೆಸರು ಮತ್ತು ವರ್ಗೀಕರಣ

ಹೆಸರಿನಲ್ಲಿ ಕಾಶ್ಮೀರವಿದ್ದರೂ ಈ ಮರ ಕಾಶ್ಮೀರದ ಕಾಡುಗಳದ್ದಲ್ಲ. ಫ್ರಾನ್ಸಿನ ಸಸ್ಯವಿಜ್ಞಾನಿ ಎಲಿ-ಆಬೆಲ್ ಕಾರಿಯೇರ್ 1867ರಲ್ಲಿ ಶಂಕುಧಾರಿಗಳನ್ನು ಕುರಿತ ತನ್ನ ಗ್ರಂಥದಲ್ಲಿ ಇದನ್ನು ವರ್ಣಿಸಿದನು. ಸಹಾರನ್‌ಪುರದ ಸಸ್ಯೋದ್ಯಾನದ ಮೇಲ್ವಿಚಾರಕನಾಗಿದ್ದ ಜಾನ್ ಫೋರ್ಬ್ಸ್ ರಾಯಲ್‌ನ ಹೆಸರೂ ಈ ಪ್ರಭೇದದ ನಾಮಕರಣದೊಂದಿಗೆ ಸೇರಿಕೊಂಡಿದೆ. ಯುರೋಪಿನ ಉದ್ಯಾನಗಳಿಗೆ ಬಂದ ಬಹುಕಾಲದವರೆಗೆ ಇದು ಕೃಷಿಯಲ್ಲಿರುವ ಮರವೆಂದೇ ಪರಿಚಿತವಾಗಿತ್ತು. ಕಾಡಿನಲ್ಲಿ ಎಲ್ಲಿ ಬೆಳೆಯುತ್ತದೆ ಎಂಬುದು ಸಸ್ಯವಿಜ್ಞಾನಿಗಳಿಗೆ ಒಗಟಾಗಿ ಉಳಿದಿತ್ತು.

ಪಶ್ಚಿಮ ಹಿಮಾಲಯದಲ್ಲಿ ಸಾಮಾನ್ಯವಾಗಿರುವ ಹಿಮಾಲಯ ಸೈಪ್ರಸ್, ಅಂದರೆ ಕುಪ್ರೆಸಸ್ ಟಾರುಲೋಸಾ, ಇದರ ಹತ್ತಿರದ ಬಂಧು. ಭೂತಾನಿನ ಮರಗಳನ್ನು ಹಿಂದೆ ಅನೇಕ ಬರಹಗಳಲ್ಲಿ ಈ ಎರಡನೆಯ ಹೆಸರಿನಿಂದಲೇ ಕರೆದಿದ್ದಾರೆ. ಕಾಡಿನಲ್ಲಿರುವ ಮರಗಳು ಮತ್ತು ಉದ್ಯಾನಗಳಲ್ಲಿರುವ ಅತಿಯಾಗಿ ಜೋಲುವ ನೀಲಿ ಮರಗಳು ಪೂರ್ಣವಾಗಿ ಒಂದೇ ಬಗೆಯವೇ ಎಂಬ ವಿಷಯದಲ್ಲಿ ತಜ್ಞರಲ್ಲಿ ಒಮ್ಮತವಿಲ್ಲ.

ಮೂಲನೆಲೆ

ಕಾಶ್ಮೀರ ಸೈಪ್ರಸ್ ಸಮುದ್ರಮಟ್ಟದಿಂದ ಸುಮಾರು 1,250ರಿಂದ 2,800 ಮೀಟರ್ ಎತ್ತರದವರೆಗೆ ಬೆಳೆಯುತ್ತದೆ. ಬೇಸಿಗೆಯಲ್ಲಿ ಮುಂಗಾರು ಮಳೆ, ಚಳಿಗಾಲದಲ್ಲಿ ಒಣ ತಂಪು ಇರುವ ಈ ಪ್ರದೇಶದ ಹವಾಗುಣವು ಅದರ ಬೇಸಾಯದ ಅಗತ್ಯಗಳನ್ನು ಬಹುಮಟ್ಟಿಗೆ ವಿವರಿಸುತ್ತದೆ. ಬೆಳೆಯುವ ಕಾಲದಲ್ಲಿ ಹೇರಳ ತೇವ, ಇಳಿಜಾರಿನಲ್ಲಿ ನೀರು ನಿಲ್ಲದ ನೆಲ, ಕಠೋರವಲ್ಲದ ಚಳಿ, ಇವು ಮೂರೂ ಅದಕ್ಕೆ ಬೇಕು.

ಭೂತಾನಿನಲ್ಲಿ ಸೈಪ್ರಸ್‌ಗೆ ತ್ಸೆಂದೆನ್ ಎಂದು ಹೆಸರು. ಇದು ಆ ದೇಶದ ರಾಷ್ಟ್ರವೃಕ್ಷ. ಭೂತಾನಿನ ರಾಷ್ಟ್ರಗೀತೆಯ ಶೀರ್ಷಿಕೆಯಲ್ಲಿಯೂ ಈ ಮರದ ಹೆಸರಿದೆ. ದೇಗುಲ ಮತ್ತು ಬೌದ್ಧ ವಿಹಾರಗಳ ಬಳಿ ಇದನ್ನು ನೆಡುವ ರೂಢಿ ಹಳೆಯದು. ಬುಮ್‌ಥಾಂಗ್ ಕಣಿವೆಯ ಕುರ್ಜೆ ಲಾಖಾಂಗ್ ದೇಗುಲದ ಹಿಂದಿರುವ ಸೈಪ್ರಸ್ ಗುರು ಪದ್ಮಸಂಭವನ ಊರುಗೋಲಿನಿಂದ ಚಿಗುರಿತೆಂಬ ಐತಿಹ್ಯವಿದೆ. ಪರಿಮಳವುಳ್ಳ, ಬಾಳಿಕೆ ಬರುವ ಇದರ ಮರಮುಟ್ಟು ಕಟ್ಟಡಗಳಿಗೂ, ಮರದ ಭಾಗಗಳು ಧೂಪಕ್ಕೂ ಬಳಕೆಯಾಗುತ್ತವೆ.

ಸ್ವರೂಪ

ಕಾಶ್ಮೀರ ಸೈಪ್ರಸ್ ಸಾಮಾನ್ಯವಾಗಿ 20ರಿಂದ 45 ಮೀಟರ್ ಎತ್ತರಕ್ಕೆ ಬೆಳೆಯುತ್ತದೆ. ಹಳೆಯ ಮರಗಳ ಕಾಂಡದ ವ್ಯಾಸ 3 ಮೀಟರನ್ನು ಮುಟ್ಟುವುದುಂಟು. ಉದ್ಯಾನಗಳಲ್ಲಿ ಬೆಳೆಸಿದ ಮರಗಳು ಇಷ್ಟು ದೊಡ್ಡವಾಗುವುದು ಅಪರೂಪ. ಎಳೆಯ ಮರ ಕಿರಿದಾದ ಶಂಕುವಿನ ಆಕಾರದಲ್ಲಿದ್ದು, ವಯಸ್ಸಾದಂತೆ ಅಗಲವಾಗಿ ಹರಡಿಕೊಳ್ಳುತ್ತದೆ.

ಎಲೆಗಳು ಚಿಕ್ಕ ಹುರುಪೆಗಳಂತೆ ರೆಂಬೆಗೆ ಅಂಟಿಕೊಂಡಿರುತ್ತವೆ. ಉದ್ದ 1ರಿಂದ 2 ಮಿಲಿಮೀಟರ್. ಹುರುಪಾಗಿ ಬೆಳೆಯುವ ಕುಡಿಗಳಲ್ಲಿ ಇವು 5 ಮಿಲಿಮೀಟರಿನಷ್ಟು ಉದ್ದವಾಗಬಹುದು. ಬೀಜದಿಂದ ಹುಟ್ಟಿದ ಸಸಿಯಲ್ಲಿ ಸುಮಾರು ಎರಡು ವರ್ಷದವರೆಗೆ 3ರಿಂದ 8 ಮಿಲಿಮೀಟರ್ ಉದ್ದದ ಮೃದುವಾದ ಸೂಜಿಯೆಲೆಗಳಿರುತ್ತವೆ. ಆದ್ದರಿಂದ ಎಳೆಯ ಸಸಿಯನ್ನು ನೋಡಿ ದೊಡ್ಡ ಮರದ ರೂಪವನ್ನು ಊಹಿಸುವುದು ಕಷ್ಟ.

ಗಂಡು ಮತ್ತು ಹೆಣ್ಣು ಶಂಕುಗಳು ಒಂದೇ ಮರದಲ್ಲಿರುತ್ತವೆ. ಗಂಡು ಶಂಕುಗಳು 3ರಿಂದ 5 ಮಿಲಿಮೀಟರ್ ಉದ್ದವಿದ್ದು ವಸಂತದ ಆರಂಭದಲ್ಲಿ ಪರಾಗವನ್ನು ಚೆಲ್ಲುತ್ತವೆ. ಬೀಜಶಂಕುಗಳು ಮೊಟ್ಟೆಯಾಕಾರದವು, ಉದ್ದ 10ರಿಂದ 21 ಮಿಲಿಮೀಟರ್, ಹುರುಪೆಗಳು 8ರಿಂದ 12. ಮೊದಲು ಕಡುಹಸಿರಾಗಿದ್ದು, ಪರಾಗಸ್ಪರ್ಶವಾದ ಸುಮಾರು 24 ತಿಂಗಳ ನಂತರ ಕಂದುಬಣ್ಣಕ್ಕೆ ತಿರುಗಿ ಬಿರಿಯುತ್ತವೆ.

ಜೋಲುವಿಕೆಯ ಬಗೆ

ಜೋಲುವ ಶಂಕುಧಾರಿಗಳೆಲ್ಲವೂ ಒಂದೇ ರೀತಿಯಲ್ಲಿ ಜೋಲುವುದಿಲ್ಲ. ಬೇಸಾಯದ ಕ್ರಮ ಈ ವ್ಯತ್ಯಾಸವನ್ನು ಅವಲಂಬಿಸಿದೆ.

ಅಟ್ಲಾಸ್ ದೇವದಾರಿನ ನೀಲಿ ಜೋಲುತಳಿಯಲ್ಲಿ ನೆಟ್ಟಗೆ ಏರುವ ನಡುಕುಡಿ ಇರುವುದಿಲ್ಲ. ಅದನ್ನು ಕಸಿಯಿಂದ ಬೆಳೆಸಿ, ಬೇಕಾದ ಎತ್ತರದವರೆಗೆ ಗೂಟಕ್ಕೆ ಕಟ್ಟಿ ಏರಿಸಬೇಕು. ಆಧಾರವಿಲ್ಲದಿದ್ದರೆ ಅದು ನೆಲದ ಮೇಲೆಯೇ ಹರಡುತ್ತದೆ. ಇಂತಹ ಮರದ ಆಕಾರವನ್ನು ಬಹುಪಾಲು ತೋಟಗಾರನೇ ನಿರ್ಧರಿಸುತ್ತಾನೆ.

ಕಾಶ್ಮೀರ ಸೈಪ್ರಸ್ ಇದಕ್ಕೆ ವಿರುದ್ಧ. ಇದರ ಕಾಂಡ ತಾನಾಗಿಯೇ ನೆಟ್ಟಗೆ ಬೆಳೆಯುತ್ತದೆ, ದೊಡ್ಡ ಕೊಂಬೆಗಳು ಮೇಲ್ಮುಖವಾಗಿ ಹೊರಚಾಚುತ್ತವೆ, ಅವುಗಳಿಂದ ಹೊರಟ ತೆಳುವಾದ ಚಪ್ಪಟೆ ರೆಂಬೆಗಳು ಮಾತ್ರ ತಮ್ಮ ಭಾರಕ್ಕೆ ಕೆಳಗೆ ತೂಗುತ್ತವೆ. ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯ ನೂಟ್ಕಾ ಸೈಪ್ರಸ್‌ನ ಜೋಲುತಳಿ ಮತ್ತು ಆರೆಗಾನ್-ಕ್ಯಾಲಿಫೋರ್ನಿಯ ಗಡಿಯ ಬೆಟ್ಟಗಳ ಬ್ರೂಯರ್ ಸ್ಪ್ರೂಸ್ ಇದೇ ಗುಂಪಿನವು. ಬ್ರೂಯರ್ ಸ್ಪ್ರೂಸ್ ಬಹಳ ನಿಧಾನವಾಗಿ ಬೆಳೆಯುವ ಮರ. ಒಂದೂವರೆ ಎರಡು ಮೀಟರ್ ಎತ್ತರಕ್ಕೆ ಬರುವವರೆಗೆ ಅದರ ರೆಂಬೆಗಳು ಜೋಲುವುದೇ ಇಲ್ಲ. ಕಾಶ್ಮೀರ ಸೈಪ್ರಸ್ ಬೇಗ ಬೆಳೆಯುತ್ತದೆ ಮತ್ತು ಎಳವೆಯಲ್ಲಿಯೇ ಜೋಲುತ್ತದೆ.

ಕರ್ನಾಟಕದ ಊರುಗಳಲ್ಲಿ ಸಾಲುಮರವಾಗಿ ಕಾಣುವ ಕಂಬದಾಕಾರದ ಅಶೋಕವೂ ನಿತ್ಯಹರಿದ್ವರ್ಣದ ಜೋಲುಮರವೇ. ಆದರೆ ಅದು ಸೀತಾಫಲದ ಕುಟುಂಬಕ್ಕೆ ಸೇರಿದ ಹೂಬಿಡುವ ಮರ, ಶಂಕುಧಾರಿಯಲ್ಲ. ಅದರ ಕೊಂಬೆಗಳು ಕಾಂಡಕ್ಕೆ ಒತ್ತಿಕೊಂಡೇ ಇಳಿಯುವುದರಿಂದ ಕಿರಿದಾದ ಜಾಗದಲ್ಲಿಯೂ ಅದನ್ನು ಬೆಳೆಸಬಹುದು. ಕಾಶ್ಮೀರ ಸೈಪ್ರಸ್‌ನ ಕೊಂಬೆಗಳು ಕಾಂಡದಿಂದ ದೂರಕ್ಕೆ ಚಾಚಿದ ಮೇಲೆ ರೆಂಬೆಗಳು ಇಳಿಬೀಳುವುದರಿಂದ ಅದಕ್ಕೆ ವಿಶಾಲವಾದ ಸ್ಥಳ ಅಗತ್ಯ.

ಉದ್ಯಾನದ ಕೇಂದ್ರಬಿಂದುವಾಗಿ

ಉದ್ಯಾನದಲ್ಲಿ ದೃಷ್ಟಿಯನ್ನು ತನ್ನೆಡೆಗೆ ಸೆಳೆದು ನಿಲ್ಲಿಸುವ ಒಂದು ವಸ್ತುವನ್ನು ಕೇಂದ್ರಬಿಂದು ಎನ್ನುತ್ತಾರೆ. ಅದು ಕಾರಂಜಿ, ಶಿಲ್ಪ, ಮಂಟಪ ಅಥವಾ ಮರ ಆಗಿರಬಹುದು. ಮರ ಈ ಕೆಲಸವನ್ನು ಮಾಡಬೇಕಾದರೆ ಅದರ ಆಕಾರ ಸುತ್ತಲಿನ ಗಿಡಗಳಿಗಿಂತ ಸ್ಪಷ್ಟವಾಗಿ ಭಿನ್ನವಾಗಿರಬೇಕು. ನಿತ್ಯಹರಿದ್ವರ್ಣದ ಜೋಲುಮರದ ಅನುಕೂಲವೆಂದರೆ, ಎಲೆ ಉದುರುವ ಕಾಲದಲ್ಲಿಯೂ ಅದರ ರೂಪ ಕೆಡುವುದಿಲ್ಲ.

ನೆಡುವ ಸ್ಥಳವನ್ನು ಮರದ ಇಂದಿನ ಗಾತ್ರದಿಂದಲ್ಲ, ಮೂವತ್ತು ನಲವತ್ತು ವರ್ಷಗಳ ನಂತರದ ಗಾತ್ರದಿಂದ ಲೆಕ್ಕ ಹಾಕಬೇಕಾಗುತ್ತದೆ. ಯಾವುದೇ ವಸ್ತುವನ್ನು ತಲೆ ಎತ್ತದೆ ಪೂರ್ಣವಾಗಿ ನೋಡಲು ಅದರ ಎತ್ತರದ ಸುಮಾರು ಎರಡರಷ್ಟು ದೂರ ಬೇಕೆಂಬುದು ಭೂದೃಶ್ಯ ವಿನ್ಯಾಸದಲ್ಲಿ ಬಳಕೆಯಲ್ಲಿರುವ ನಿಯಮ. ಆ ದೂರದಲ್ಲಿ ನಿಂತವರ ದೃಷ್ಟಿಕೋನ ಸುಮಾರು 27 ಡಿಗ್ರಿ ಆಗುತ್ತದೆ. ಇದರಂತೆ 12 ಮೀಟರಿನ ಮರವನ್ನು ಇಡಿಯಾಗಿ ಕಾಣಲು 24 ಮೀಟರ್ ದೂರದ ತೆರವಾದ ನೋಟ ಬೇಕು. ಅಷ್ಟು ಸ್ಥಳವಿಲ್ಲದ ತೋಟದಲ್ಲಿ ಕಾಣುವುದು ಕಾಂಡ ಮತ್ತು ಕೆಳಗಿನ ರೆಂಬೆಗಳು ಮಾತ್ರ. ಅಂತಹ ಕಡೆ ಚಿಕ್ಕ ಗಾತ್ರದ ಜೋಲುತಳಿಗಳು ಹೆಚ್ಚು ಸೂಕ್ತ.

ಹಿನ್ನೆಲೆಯೂ ಮುಖ್ಯ. ನೀಲಿಛಾಯೆಯ ತೆಳು ರೆಂಬೆಗಳು ಕಡುಹಸಿರು ಎಲೆಗಳ ಮುಂದೆ, ಗಾಢ ಬಣ್ಣದ ಗೋಡೆಯ ಮುಂದೆ ಅಥವಾ ತೆರೆದ ಆಕಾಶದ ಮುಂದೆ ಎದ್ದು ಕಾಣುತ್ತವೆ. ಬಗೆಬಗೆಯ ಗಿಡಗಳ ದಟ್ಟಣೆಯ ನಡುವೆ ಕರಗಿಹೋಗುತ್ತವೆ. ಮರದ ಬುಡದ ಸುತ್ತ ಹುಲ್ಲು ಅಥವಾ ನೆಲಕ್ಕೆ ಹತ್ತಿಕೊಂಡು ಬೆಳೆಯುವ ಗಿಡಗಳನ್ನು ಮಾತ್ರ ಬಿಟ್ಟರೆ, ಇಳಿಬಿದ್ದ ರೆಂಬೆಗಳ ಅಂಚು ಸ್ಪಷ್ಟವಾಗಿ ಕಾಣುತ್ತದೆ. ಒಂದೇ ನೋಟದೊಳಗೆ ಎರಡು ಜೋಲುಮರಗಳನ್ನು ನೆಟ್ಟರೆ ದೃಷ್ಟಿ ಎಲ್ಲಿಯೂ ನಿಲ್ಲದೆ, ಎರಡರ ಪರಿಣಾಮವೂ ಕಡಿಮೆಯಾಗುತ್ತದೆ.

ಹವಾಗುಣ ಮತ್ತು ಮಣ್ಣು

ಈ ಮರ ಲಘುವಾದ ಮಂಜುಗಡ್ಡೆಯನ್ನು ಸಹಿಸಬಲ್ಲದು. ತೀವ್ರ ಚಳಿಯನ್ನು ಸಹಿಸಲಾರದು. ಬ್ರಿಟನ್ ಮತ್ತು ಐರ್ಲೆಂಡಿನಲ್ಲಿ ಸಮುದ್ರದ ಬೆಚ್ಚನೆಯ ಪ್ರಭಾವವಿರುವ ಸೌಮ್ಯ ಪ್ರದೇಶಗಳಲ್ಲಿ ಮಾತ್ರ ಹೊರಾಂಗಣದಲ್ಲಿ ಚೆನ್ನಾಗಿ ಬೆಳೆಯುತ್ತದೆ. ಉಳಿದೆಡೆ ದೊಡ್ಡ ಗಾಜಿನಮನೆಗಳಲ್ಲಿ ಬೆಳೆಸುವ ರೂಢಿಯಿದೆ. ಬಿಸಿಲಿನ ಬೇಗೆ ಮತ್ತು ಒಣಗಾಳಿಯ ಬಯಲುಸೀಮೆಗಳೂ ಇದಕ್ಕೆ ಹಿಡಿಸುವುದಿಲ್ಲ. ಚಳಿ ಹೆಚ್ಚಿರುವ ಕಡೆ ನೂಟ್ಕಾ ಸೈಪ್ರಸ್‌ನ ಜೋಲುತಳಿಯನ್ನು ಇದರ ಬದಲಿಗೆ ನೆಡುತ್ತಾರೆ.

ದಿನದ ಬಹುಪಾಲು ಬಿಸಿಲು ಬೀಳುವ, ಆದರೆ ಒಣಗಾಳಿಯ ನೇರ ಹೊಡೆತವಿಲ್ಲದ ಸ್ಥಳ ಉತ್ತಮ. ನೆರಳಿನಲ್ಲಿ ರೆಂಬೆಗಳು ವಿರಳವಾಗಿ ಮರ ಬೋಳಾಗುತ್ತದೆ. ಆಳವಾದ, ಸಾವಯವ ಅಂಶವುಳ್ಳ, ನೀರು ಬಸಿದುಹೋಗುವ ಮಣ್ಣು ಬೇಕು. ನೀರು ನಿಲ್ಲುವ ಜೇಡಿಮಣ್ಣಿನಲ್ಲಿ ಬೇರುಗಳು ಮೇಲ್ಪದರದಲ್ಲಿಯೇ ಉಳಿಯುತ್ತವೆ. ಅಂತಹ ಮರ ಕೊಳೆರೋಗಕ್ಕೂ ಗಾಳಿಗೂ ಸುಲಭವಾಗಿ ತುತ್ತಾಗುತ್ತದೆ.

ನಾಟಿ

ಸೈಪ್ರಸ್ ಜಾತಿಯ ಮರಗಳು ಬೇರು ಕದಲಿಸುವುದನ್ನು ಸಹಿಸುವುದಿಲ್ಲ. ಒಮ್ಮೆ ನೆಲೆಯೂರಿದ ಮರವನ್ನು ಬೇರೆಡೆಗೆ ಸ್ಥಳಾಂತರಿಸುವ ಪ್ರಯತ್ನ ಸಾಮಾನ್ಯವಾಗಿ ವಿಫಲವಾಗುತ್ತದೆ. ಆದುದರಿಂದ ದೊಡ್ಡ ಗಿಡಕ್ಕಿಂತ 30ರಿಂದ 60 ಸೆಂಟಿಮೀಟರ್ ಎತ್ತರದ ಎಳೆಯ ಗಿಡವನ್ನು ಶಾಶ್ವತ ಸ್ಥಳದಲ್ಲಿಯೇ ನೆಡುವುದು ಒಳ್ಳೆಯದು. ತಕ್ಷಣದ ಪರಿಣಾಮಕ್ಕಾಗಿ ಎತ್ತರದ ಗಿಡವನ್ನು ಕೊಂಡು ನೆಟ್ಟರೆ, ಬೇರು ಮತ್ತು ತಲೆಭಾರದ ನಡುವಿನ ಅಸಮತೋಲ ಮುಂದೆ ಸಮಸ್ಯೆಯಾಗುತ್ತದೆ.

ಕುಂಡದಲ್ಲಿ ಬಹುಕಾಲ ಇದ್ದ ಗಿಡದ ಬೇರುಗಳು ಗೋಡೆಯುದ್ದಕ್ಕೂ ಸುತ್ತಿಕೊಂಡಿರುತ್ತವೆ. ನೆಲದಲ್ಲಿ ನೆಟ್ಟ ಮೇಲೂ ಅವು ಅದೇ ಸುತ್ತಿನಲ್ಲಿಯೇ ದಪ್ಪವಾಗುತ್ತವೆ. ಹೊರಕ್ಕೆ ಚಾಚಿ ಮರವನ್ನು ಹಿಡಿದು ನಿಲ್ಲಿಸುವ ಬೇರುಗಳು ಬೆಳೆಯುವುದಿಲ್ಲ. ಇದರ ಪರಿಣಾಮ ಹತ್ತಾರು ವರ್ಷಗಳ ಬಳಿಕ, ಮರ ಗಾಳಿಗೆ ಬುಡಸಹಿತ ಉರುಳಿದಾಗ, ಬೆಳಕಿಗೆ ಬರುವುದುಂಟು. ಆದ್ದರಿಂದ ಕೊಳ್ಳುವ ಮೊದಲು ಗಿಡವನ್ನು ಕುಂಡದಿಂದ ಮೆಲ್ಲನೆ ಜಾರಿಸಿ ಬೇರುಗಳನ್ನು ನೋಡಬೇಕು. ಸುತ್ತುಬೇರು ದಪ್ಪವಾಗಿರುವ ಗಿಡವನ್ನು ಬಿಡುವುದೇ ಲೇಸು. ತೆಳುವಾದ ಸುತ್ತುಬೇರುಗಳಿದ್ದರೆ ಬೆರಳಿನಿಂದ ಬಿಡಿಸಿ ಹೊರಮುಖವಾಗಿ ಹರಡಬಹುದು.

ಗುಂಡಿಯ ಅಗಲ ಬೇರುಗಂಟಿನ ಎರಡು ಮೂರರಷ್ಟಿರಬೇಕು. ಆಳ ಬೇರುಗಂಟಿನಷ್ಟೇ ಸಾಕು. ಕಾಂಡ ಬೇರಾಗಿ ಅಗಲವಾಗುವ ಕುತ್ತಿಗೆ ನೆಲದ ಮಟ್ಟದಲ್ಲಿರಬೇಕು. ಅದು ಮಣ್ಣಿನಲ್ಲಿ ಹೂತುಹೋದರೆ ತೊಗಟೆ ಕೊಳೆಯುತ್ತದೆ. ತೆಗೆದ ಮಣ್ಣನ್ನೇ ಮತ್ತೆ ತುಂಬಿ ನೀರುಣಿಸಿ, ಎಲೆ ಅಥವಾ ತೊಗಟೆಚೂರುಗಳ ಹೊದಿಕೆಯನ್ನು ಕಾಂಡಕ್ಕೆ ತಾಗದಂತೆ ಹರಡುತ್ತಾರೆ. ಮುಂಗಾರಿನ ಬೆಟ್ಟಪ್ರದೇಶಗಳಲ್ಲಿ ಮಳೆಗಾಲದ ಆರಂಭವೂ, ಸೌಮ್ಯ ಚಳಿಗಾಲದ ನಾಡುಗಳಲ್ಲಿ ಶರತ್ಕಾಲವೂ, ಚಳಿ ಹೆಚ್ಚಿರುವಲ್ಲಿ ವಸಂತವೂ ನಾಟಿಗೆ ತಕ್ಕ ಕಾಲ.

ಆಧಾರ ಮತ್ತು ಎಳವೆಯ ಆರೈಕೆ

ಬೇಗ ಬೆಳೆಯುವ ತೆಳುಕಾಂಡದ ಗಿಡಕ್ಕೆ ಮೊದಲ ಒಂದೆರಡು ವರ್ಷ ಗೂಟದ ಆಸರೆ ಬೇಕಾಗಬಹುದು. ಗೂಟವನ್ನು ಗಿಡ್ಡವಾಗಿಟ್ಟು, ಕಾಂಡದ ಕೆಳಗಿನ ಮೂರನೆಯ ಒಂದು ಭಾಗದಲ್ಲಿ ಸಡಿಲವಾಗಿ ಕಟ್ಟಬೇಕು. ಗಾಳಿಗೆ ತುಸು ಅಲುಗುವ ಕಾಂಡ ಬುಡದಲ್ಲಿ ದಪ್ಪವಾಗುತ್ತದೆ, ಬೇರುಗಳೂ ಬಲಿಯುತ್ತವೆ. ಅಲುಗದಂತೆ ಬಿಗಿದು ಕಟ್ಟಿದ ಗಿಡ ಗೂಟ ತೆಗೆದ ದಿನವೇ ಬಾಗಿಬಿಡುತ್ತದೆ. ಕಟ್ಟನ್ನು ಮರೆತು ಹಾಗೆಯೇ ಬಿಟ್ಟರೆ ಅದು ತೊಗಟೆಯೊಳಗೆ ಕೊರೆದು ಇಳಿಯುತ್ತದೆ.

ಮೊದಲ ಎರಡು ಮೂರು ವರ್ಷ ಒಣಗಾಲದಲ್ಲಿ ನೀರು ಕೊಡಬೇಕು. ದಿನವೂ ಮೇಲ್ಪದರವನ್ನು ತೋಯಿಸುವುದಕ್ಕಿಂತ, ಕೆಲವು ದಿನಗಳಿಗೊಮ್ಮೆ ಆಳಕ್ಕೆ ಇಳಿಯುವಂತೆ ಉಣಿಸಿದರೆ ಬೇರುಗಳು ಕೆಳಕ್ಕೆ ಹೋಗುತ್ತವೆ. ಹೆಚ್ಚು ಸಾರಜನಕದ ಗೊಬ್ಬರ ಅನಗತ್ಯ. ಅದರಿಂದ ರೆಂಬೆಗಳು ಬೇರಿನ ಬಲವನ್ನು ಮೀರಿ ಬೆಳೆದು, ಮರ ತಲೆಭಾರವಾಗುತ್ತದೆ.

ಕೊಂಬೆ ಕತ್ತರಿಸುವುದು

ಸೈಪ್ರಸ್‌ಗಳಲ್ಲಿ ಹಸಿರೆಲೆಯಿಲ್ಲದ ಹಳೆಯ ಕೊಂಬೆಯಿಂದ ಮತ್ತೆ ಚಿಗುರು ಬರುವುದಿಲ್ಲ. ಹಸಿರು ಭಾಗವನ್ನು ದಾಟಿ ಕತ್ತರಿಸಿದರೆ ಆ ಬೋಳುಭಾಗ ಶಾಶ್ವತವಾಗಿ ಉಳಿಯುತ್ತದೆ. ಹೀಗಾಗಿ ತಪ್ಪು ಸ್ಥಳದಲ್ಲಿ ನೆಟ್ಟ ಮರವನ್ನು ಕತ್ತರಿಯಿಂದ ಚಿಕ್ಕದಾಗಿಸಿ ಇಟ್ಟುಕೊಳ್ಳುವ ಮಾರ್ಗವಿಲ್ಲ.

ಒಣಗಿದ ಅಥವಾ ಮುರಿದ ಕೊಂಬೆಗಳನ್ನು ತೆಗೆಯುವುದು, ಎರಡು ನಡುಕುಡಿಗಳು ಮೂಡಿದಾಗ ದುರ್ಬಲವಾದುದನ್ನು ಎಳವೆಯಲ್ಲಿಯೇ ಕತ್ತರಿಸುವುದು, ಇವಿಷ್ಟೇ ಸಾಮಾನ್ಯವಾಗಿ ಬೇಕಾಗುವ ಕೆಲಸ. ಜೋಡಿಕಾಂಡದ ಮರ ದೊಡ್ಡದಾದಾಗ ಕವಲಿನಲ್ಲಿ ಸೀಳುವ ಅಪಾಯವಿದೆ. ನೆಲದವರೆಗೆ ಇಳಿದ ರೆಂಬೆಗಳನ್ನು ಎತ್ತರದವರೆಗೆ ಕತ್ತರಿಸಿದರೆ ಮರದ ರೂಪವೇ ಕೆಡುವುದಲ್ಲದೆ, ಬೇರಿನ ಮೇಲೆ ಬೀಳುತ್ತಿದ್ದ ನೆರಳೂ ಇಲ್ಲವಾಗುತ್ತದೆ.

ವಂಶಾಭಿವೃದ್ಧಿ

ಬೀಜದಿಂದಲೂ ಎಳೆಯ ರೆಂಬೆಯ ತುಂಡುಗಳಿಂದಲೂ ಸಸಿಗಳನ್ನು ಪಡೆಯಬಹುದು. ಬೀಜದ ಸಸಿಗಳು ಬಣ್ಣದಲ್ಲಿಯೂ ಜೋಲುವಿಕೆಯಲ್ಲಿಯೂ ಪರಸ್ಪರ ಭಿನ್ನವಾಗಿರುತ್ತವೆ. ಹತ್ತಿರದಲ್ಲಿ ಬೇರೆ ಸೈಪ್ರಸ್‌ಗಳಿದ್ದರೆ ಮಿಶ್ರತಳಿಗಳೂ ಹುಟ್ಟಬಹುದು. ನಿರ್ದಿಷ್ಟ ಮರದ ಗುಣಗಳನ್ನು ಉಳಿಸಿಕೊಳ್ಳಲು ತುಂಡುಗಳಿಗೆ ಬೇರು ಬರಿಸುವುದು ಅಥವಾ ಕಸಿ ಮಾಡುವುದು ಕ್ರಮ. ಬೀಜದಿಂದ ಹುಟ್ಟಿದ ಗಿಡಗಳ ಬೇರುಹಂದರ ಸಾಮಾನ್ಯವಾಗಿ ಹೆಚ್ಚು ಸಮತೋಲವಾಗಿರುತ್ತದೆ.

ರೋಗ ಮತ್ತು ಕೀಟಗಳು

ನೀರು ನಿಂತ ಮಣ್ಣಿನಲ್ಲಿ ಫೈಟಾಫ್ತೊರಾ ಜಾತಿಯ ಸೂಕ್ಷ್ಮಜೀವಿಗಳು ಬೇರುಕೊಳೆಯನ್ನು ಉಂಟುಮಾಡುತ್ತವೆ. ಸೀರಿಡಿಯಂ ಎಂಬ ಶಿಲೀಂಧ್ರದಿಂದ ಬರುವ ತೊಗಟೆಯ ಹುಣ್ಣುರೋಗ ಸೈಪ್ರಸ್ ಕುಲದ ಅನೇಕ ಮರಗಳನ್ನು ಕಾಡುತ್ತದೆ. ತೊಗಟೆಯಿಂದ ಅಂಟು ಒಸರುವುದು, ಅದರಿಂದ ಮುಂದಿನ ರೆಂಬೆ ಕಂದಾಗುವುದು ಇದರ ಲಕ್ಷಣಗಳು. ಸೋಂಕು ತಗುಲಿದ ಕೊಂಬೆಯನ್ನು ಆರೋಗ್ಯವಂತ ಭಾಗದವರೆಗೆ ಕತ್ತರಿಸಿ ಸುಡಬೇಕು, ಕತ್ತರಿಯನ್ನು ಶುದ್ಧಗೊಳಿಸಬೇಕು. ಒಣಹವೆಯಲ್ಲಿ ಕೆಂಪುನುಸಿ ಮತ್ತು ಸಸ್ಯಹೇನುಗಳ ಬಾಧೆಯುಂಟು.

ಎಲೆ ಕಂದಾಗುವುದೆಲ್ಲವೂ ರೋಗವಲ್ಲ. ಕಾಂಡದ ಸಮೀಪದ ಒಳರೆಂಬೆಗಳು ಹಳತಾಗಿ ಒಣಗಿ ಉದುರುವುದು ಸಹಜ. ತುದಿಗಳು ಅಥವಾ ಇಡೀ ಕೊಂಬೆ ಒಣಗತೊಡಗಿದರೆ ಮಾತ್ರ ಬೇರು, ನೀರು ಮತ್ತು ತೊಗಟೆಯನ್ನು ಪರೀಕ್ಷಿಸಬೇಕಾಗುತ್ತದೆ. ಸೈಪ್ರಸ್‌ಗಳ ಪರಾಗ ಕೆಲವರಲ್ಲಿ ಅಲರ್ಜಿಯನ್ನು ಉಂಟುಮಾಡುತ್ತದೆ.

ಐಸೋಲಾ ಮಾದ್ರೆಯ ಮರ

ಉದ್ಯಾನದ ಕೇಂದ್ರಬಿಂದುವಾಗಿ ಬೆಳೆದ ಕಾಶ್ಮೀರ ಸೈಪ್ರಸ್‌ಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ಉತ್ತರ ಇಟಲಿಯ ಮಜ್ಜೋರೆ ಸರೋವರದಲ್ಲಿರುವ ಐಸೋಲಾ ಮಾದ್ರೆ ದ್ವೀಪದಲ್ಲಿದೆ. ಬೊರೊಮಿಯೊ ಮನೆತನದ ಅರಮನೆಯ ಮುಂದಿನ ಅಂಗಳದಲ್ಲಿರುವ ಈ ಮರ 1862ರಲ್ಲಿ ಹಿಮಾಲಯದಿಂದ ತರಿಸಿದ ಬೀಜದಿಂದ ಬೆಳೆದದ್ದು. ಸರೋವರದ ನೀರಿನಿಂದಾಗಿ ಅಲ್ಲಿನ ಚಳಿಗಾಲ ಆಲ್ಪ್ಸ್ ಪರ್ವತಗಳ ತಪ್ಪಲಿನ ಇತರ ಸ್ಥಳಗಳಿಗಿಂತ ಸೌಮ್ಯ. ದ್ವೀಪದಲ್ಲಿ ಕಮೀಲಿಯ ಮತ್ತು ನಿಂಬೆಯ ಜಾತಿಯ ಗಿಡಗಳೂ ಬೆಳೆಯುತ್ತವೆ. ಸುತ್ತ ತೆರವಾದ ಅಂಗಳ, ಹಿಂದೆ ಅರಮನೆಯ ಗೋಡೆ, ಸರೋವರದ ಬೆಳಕು ಇವುಗಳ ನಡುವೆ ನಿಂತ ಇದು ಯುರೋಪಿನಲ್ಲಿರುವ ಈ ಪ್ರಭೇದದ ಅತಿ ದೊಡ್ಡ ಮರವೆಂದು ಹೆಸರಾಯಿತು.

2006ರ ಜೂನ್ ತಿಂಗಳಿನಲ್ಲಿ ಬೀಸಿದ ಸುಂಟರಗಾಳಿಗೆ ಮರ ಬುಡಸಹಿತ ಉರುಳಿತು. ಬಿದ್ದ ಮರವನ್ನು ಕಡಿದು ತೆಗೆಯದೆ ಮತ್ತೆ ಎತ್ತಿ ನಿಲ್ಲಿಸಲು ತೀರ್ಮಾನಿಸಲಾಯಿತು. ದೋಣಿಯಲ್ಲಿ ಮಾತ್ರ ತಲುಪಬಹುದಾದ ದ್ವೀಪಕ್ಕೆ ಯಂತ್ರಗಳನ್ನು ಸಾಗಿಸಿ, ಕ್ರೇನ್‌ಗಳಿಂದ ಮರವನ್ನು ಎತ್ತಿ, ನಾಲ್ಕೂ ಕಡೆ ಉಕ್ಕಿನ ಹಗ್ಗಗಳಿಂದ ನೆಲಕ್ಕೆ ಬಿಗಿಯಲಾಯಿತು. ಮರ ಬದುಕಿತು. ನೂರ ನಲವತ್ತಕ್ಕೂ ಹೆಚ್ಚು ವರ್ಷ ಸ್ವಂತ ಬೇರಿನ ಮೇಲೆ ನಿಂತಿದ್ದ ಮರ ಅಂದಿನಿಂದ ಆ ಹಗ್ಗಗಳ ಆಧಾರದಲ್ಲಿ ನಿಂತಿದೆ. ಭೇಟಿ ನೀಡುವವರಿಗೆ ಇಳಿಬಿದ್ದ ರೆಂಬೆಗಳ ನಡುವೆ ಅವು ಕಾಣುತ್ತವೆ.

ಸಂರಕ್ಷಣೆ

ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ ಕೆಂಪುಪಟ್ಟಿಯಲ್ಲಿ ಕಾಶ್ಮೀರ ಸೈಪ್ರಸ್ ಅಪಾಯದ ಸಮೀಪದಲ್ಲಿರುವ ಪ್ರಭೇದವೆಂದು ದಾಖಲಾಗಿದೆ. ಇದರ ಸಹಜ ಹರಹು ಚಿಕ್ಕದು. ಬೆಲೆಬಾಳುವ ಮರಮುಟ್ಟಿಗಾಗಿ ನಡೆದ ಕಡಿತದಿಂದ ಕಾಡಿನ ಹಳೆಯ ಮರಗಳು ಕಡಿಮೆಯಾಗಿವೆ. ದೇಗುಲಗಳ ಆವರಣದ ಮರಗಳು ಧಾರ್ಮಿಕ ಗೌರವದಿಂದಾಗಿ ಉಳಿದುಬಂದಿವೆ. ಆದರೆ ಅವುಗಳಲ್ಲಿ ನೆಟ್ಟವು ಯಾವುವು, ಕಾಡಿನಿಂದ ಉಳಿದವು ಯಾವುವು ಎಂದು ಬೇರ್ಪಡಿಸುವುದು ಸುಲಭವಲ್ಲ. ಉದ್ಯಾನಗಳಲ್ಲಿ ಮರಗಳ ಸಂಖ್ಯೆ ಹೆಚ್ಚಿದ ಮಾತ್ರಕ್ಕೆ ಕಾಡಿನ ನಷ್ಟ ತುಂಬುವುದಿಲ್ಲ. ಒಂದೇ ಮರದಿಂದ ತುಂಡುಗಳ ಮೂಲಕ ಬೆಳೆಸಿದ ಗಿಡಗಳೆಲ್ಲವೂ ಆನುವಂಶಿಕವಾಗಿ ಒಂದೇ ಆಗಿರುತ್ತವೆ. ಪ್ರಭೇದದ ವೈವಿಧ್ಯ ಪೂರ್ವ ಹಿಮಾಲಯದ ಕಣಿವೆಗಳಲ್ಲಿ ಬೀಜದಿಂದ ಹುಟ್ಟುವ ಮರಗಳಲ್ಲಿಯೇ ಉಳಿದಿದೆ.